ದಾಟೋರಾ, ತಿರುಗೋರಾ?

ನನ್ನ ಅಣ್ಣನಿಗೆ ಊರವರು ಇಟ್ಟ ಹೆಸರು ಮೆಂಬರ್. ಅವನು ಯಾವ ಚುನಾವಣೆಗೂ ನಿಂತವನಲ್ಲ, ನಿಂತಿದ್ದರೆ ಠೇವಣಿಯೂ ಉಳಿಯುತ್ತಿರಲಿಲ್ಲ. ಬೆಟ್ಟದ ದಾರಿಯಲ್ಲಿ ನಡೆಯುವವರಿಗೆಂದು ಇಲಾಖೆಯವರು ಎರಡು ತಂಗುಮನೆ ಕಟ್ಟಿಸಿದ್ದಾರೆ. ಕೆಳಗಿನದು ಕೆಳಮನೆ, ಮೇಲಿನದು ಮೇಲ್ಮನೆ. ಅಣ್ಣ ಮೇಲ್ಮನೆಯ ಕಾವಲುಗಾರ. "ಮೇಲ್ಮನೆ ಮೆಂಬರು ಕಣಪ್ಪ, ಓಟಿಲ್ಲದೆ ಗೆದ್ದವನು, ಯಾರೂ ಇಳಿಸೋ ಹಾಗಿಲ್ಲ" ಎಂದು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಇಪ್ಪತ್ತೆರಡು ವರ್ಷ ಇದೇ ಜೋಕಿಗೆ ನಕ್ಕಿದ್ದೇವೆ.

ಬಸ್ಸಿನ ದಾರಿ ಮುಗಿದು ಕಾಲುದಾರಿ ಶುರುವಾಗುವ ಜಾಗದಲ್ಲಿ ನನ್ನ ಅಂಗಡಿ. ಟೀ, ಬ್ರೆಡ್ಡು, ಟಾರ್ಚಿನ ಸೆಲ್ಲು, ಪ್ಲಾಸ್ಟಿಕ್ ಕೋಟು, ಕಾಲಿಗೆ ಹಚ್ಚುವ ಮುಲಾಮು. ಎಂಟು ದಿನಕ್ಕೊಮ್ಮೆ ಹೇಸರಗತ್ತೆಯ ಮೇಲೆ ಹಿಟ್ಟು, ಆಲೂಗಡ್ಡೆ, ಸೀಮೆಎಣ್ಣೆ ಹೇರಿಕೊಂಡು ನಾನೇ ಮೇಲ್ಮನೆಗೆ ಹತ್ತುತ್ತಿದ್ದೆ. ಹತ್ತಲು ಐದು ಗಂಟೆ, ಇಳಿಯಲು ಮೂರು. ರಾತ್ರಿ ಅಲ್ಲೇ ಮಲಗಿ ಬೆಳಿಗ್ಗೆ ಅಣ್ಣನಿಗೆ ಒಂದಿಷ್ಟು ಬೈದು ಇಳಿದು ಬರುವುದು ರೂಢಿ. ನನ್ನ ಬಾಯಿ ದೊಡ್ಡದು, ಒಪ್ಪಿಕೊಳ್ಳುತ್ತೇನೆ. ಗಂಡ ಬದುಕಿದ್ದಾಗ ಹೇಳುತ್ತಿದ್ದರು, ನಿನ್ನ ಗಂಟಲಿಗೆ ಹೆದರಿ ಹೇಸರಗತ್ತೆ ಬೆಟ್ಟ ಹತ್ತುತ್ತೆ, ಇಲ್ಲದಿದ್ದರೆ ಅದಕ್ಕೇನು ಹುಚ್ಚಾ ಅಂತ.

ಮೇಲ್ಮನೆ ಎಂದರೆ ಬಂಗಲೆ ಅಂದುಕೊಳ್ಳಬೇಡಿ. ಕಲ್ಲುಗೋಡೆ, ತಗಡಿನ ಸೂರು, ಒಂದೇ ಕೋಣೆ. ಗೋಡೆಯುದ್ದಕ್ಕೂ ಎರಡು ಅಂತಸ್ತಿನ ಹಲಗೆ, ಒತ್ತೊತ್ತಾಗಿ ಮಲಗಿದರೆ ಹದಿನಾರು ಜನ. ನಡುವೆ ಕಬ್ಬಿಣದ ಒಲೆ, ಅದರ ಮೇಲೆ ಕಟ್ಟಿದ ತಂತಿಯಲ್ಲಿ ಯಾರ್ಯಾರದೋ ಒದ್ದೆ ಕಾಲುಚೀಲ. ಆ ವಾಸನೆಯಲ್ಲಿ ಅಣ್ಣನಿಗೆ ಹೇಗೆ ಊಟ ಸೇರುತ್ತಿತ್ತೋ ದೇವರಿಗೇ ಗೊತ್ತು. ಕಕ್ಕಸು ಐವತ್ತು ಹೆಜ್ಜೆ ಆಚೆ, ಗಾಳಿ ಬಂದರೆ ಅದರ ಬಾಗಿಲು ಹಿಡಿದುಕೊಂಡೇ ಕೂರಬೇಕು. ಮೂಲೆಯಲ್ಲಿ ತಡಿಕೆ ಕಟ್ಟಿದ ಗೂಡು ಅಣ್ಣನದು. ಒಂದು ಮಂಚ, ಒಂದು ಟ್ರಂಕು, ಗೋಡೆಗೆ ಎರಡು ಮೊಳೆ. ಬಾಗಿಲ ಪಕ್ಕ ಇಲಾಖೆಯ ಬೋರ್ಡು: ನಿಮ್ಮ ಸಾಮಾನಿಗೆ ನೀವೇ ಜವಾಬ್ದಾರರು.

ಅಲ್ಲಿಗೆ ಬರುವವರಲ್ಲಿ ಅಣ್ಣನ ಪ್ರಕಾರ ಎರಡೇ ಜಾತಿ. ಕಣಿವೆಬಾಯಿ ಹತ್ತಿ ಆಚೆ ಸೀಮೆಗೆ ಇಳಿದುಹೋಗುವವರು ದಾಟೋರು. ಬೆಟ್ಟದ ಮೇಲಿನ ಕೊಳದ ತನಕ ಹೋಗಿ ನೋಡಿಕೊಂಡು ಸಂಜೆಗೆ ಮತ್ತೆ ಮೇಲ್ಮನೆಗೇ ಬರುವವರು ತಿರುಗೋರು. ಬೆಳಿಗ್ಗೆ ಯಾರು ಹೊರಟರೂ ಅವನದು ಒಂದೇ ಪ್ರಶ್ನೆ, "ದಾಟೋರಾ, ತಿರುಗೋರಾ?" ದಾಟೋರಾದರೆ ಅವರ ಯೋಚನೆ ಅಲ್ಲಿಗೆ ಮುಗಿಯಿತು. ತಿರುಗೋರಾದರೆ ದೀಪ ಹಚ್ಚುವ ಹೊತ್ತಿಗೆ ತಲೆ ಎಣಿಸುವುದು, ಒಂದು ತಲೆ ಕಡಿಮೆ ಬಿದ್ದರೂ ಲಾಟೀನು ಹಿಡಿದು ಹೊರಡುವುದು. ಇಲಾಖೆಯ ನಿಯಮವೂ ಅದೇ. ತಿರುಗುತ್ತೇನೆಂದು ಹೇಳಿ ಹೋದವರನ್ನು ಹುಡುಕದಿದ್ದರೆ ಕಾವಲುಗಾರನ ಕೆಲಸ ಹೋಗುತ್ತದೆ. ಅಣ್ಣ ನಿಯಮಕ್ಕೆ ಹೆದರಿ ಹುಡುಕಿದವನಲ್ಲ. ಒಮ್ಮೆ ಕಾಲು ಉಳುಕಿಸಿಕೊಂಡ ದಪ್ಪ ಗುಮಾಸ್ತರೊಬ್ಬರನ್ನು ಬೆನ್ನ ಮೇಲೆ ಹೊತ್ತು ತಂದಿದ್ದ. ದಾರಿಯುದ್ದಕ್ಕೂ ಅವರು ದೇವರ ಹೆಸರು ಹೇಳಿದರಂತೆ, ಇವನು ಅವರ ತೂಕಕ್ಕೆ ಬೈದನಂತೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಜೀವವೂ ಅವನ ಕೈತಪ್ಪಿರಲಿಲ್ಲ.

ಮದುವೆಯೂ ಆಗಿತ್ತು ಅವನಿಗೆ. ಅತ್ತಿಗೆ ಎರಡು ತಿಂಗಳು ಆ ಗೂಡಿನಲ್ಲಿ ಸಂಸಾರ ಮಾಡಿದಳು. ಆಮೇಲೆ ಒಂದು ಬೆಳಿಗ್ಗೆ ಸೀರೆಯ ಗಂಟು ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತು "ಹೋಗ್ತೀನಿ" ಎಂದಳಂತೆ. ನಮ್ಮಲ್ಲಿ ಯಾರಾದರೂ ಹಾಗನ್ನುತ್ತಾರಾ? ಪಕ್ಕದ ಬೀದಿಗೆ ಉಪ್ಪು ತರಲು ಹೋಗುವವರೂ, ಮತ್ತೆ ಈ ಜನ್ಮದಲ್ಲಿ ಮುಖ ತೋರಿಸದವರೂ ಅನ್ನುವುದು ಹೋಗಿ ಬರ್ತೀನಿ ಎಂದೇ. ಬರೀ ಹೋಗ್ತೀನಿ ಎಂದರೆ ಅಪಶಕುನ. "ಅವಳು ಅಷ್ಟು ಮಾತ್ರ ಅಂದಾಗ್ಲೇ ಗೊತ್ತಾಯ್ತು ಕಣೇ, ಇವಳು ದಾಟೋಳು ಅಂತ" ಎಂದು ಅಣ್ಣ ನನ್ನ ಹತ್ತಿರ ಹೇಳಿ ನಕ್ಕಿದ್ದ. ನನಗೆ ಅಳು ಬಂದಿತ್ತು, ಅದನ್ನು ಮುಚ್ಚಿಕೊಳ್ಳಲು ಅವನಿಗೇ ಬೈದಿದ್ದೆ.

ಆ ಟೈಲರಮ್ಮ ಬಂದ ಸಂಜೆ ನಾನು ಮೇಲ್ಮನೆಯಲ್ಲೇ ಇದ್ದೆ. ಮೂವತ್ತೈದರ ಹೆಂಗಸು, ಒಬ್ಬಳೇ, ತೆಳ್ಳನೆಯ ಮೈ, ಪುಟ್ಟ ಬೆನ್ನುಚೀಲ. ಅಂದು ಬೇರೆ ಯಾರೂ ಇರಲಿಲ್ಲ. ಹೊಲಿಗೆ ಅಂಗಡಿಯಲ್ಲಿ ಕೆಲಸ ಎಂದಳು, ಮೂರು ದಿನ ರಜ ಹಾಕಿದ್ದೇನೆ ಎಂದಳು. ಅದಕ್ಕಿಂತ ಹೆಚ್ಚು ಕೇಳಿದರೆ ನಕ್ಕು ಸುಮ್ಮನಾದಳು. ಒಲೆಯ ಪಕ್ಕ ಕೂತವಳು ಅಣ್ಣನ ಕೋಟಿನ ಹರಿದ ಜೇಬು ನೋಡಿ, ಕೊಡಿ ಇಲ್ಲಿ ಎಂದು ಕಿತ್ತುಕೊಂಡು, ಚೀಲದಿಂದ ಸೂಜಿ ದಾರ ತೆಗೆದು ಹೊಲಿದುಕೊಟ್ಟಳು. "ಇಷ್ಟು ಒಳ್ಳೆ ಹೊಲಿಗೆಗೆ ನಮ್ಮನೆ ಮೆಂಬರು ಏನೂ ಕೊಡಲ್ಲ, ಅಭ್ಯಾಸ ಇಲ್ಲ" ಎಂದೆ. ಅವಳು ಬಾಯಿತುಂಬ ನಕ್ಕಳು. ಆ ನಗು ನೋಡಿದವರು ಯಾರೂ ಆಮೇಲೆ ಊರು ಆಡಿದ ಮಾತು ನಂಬುತ್ತಿರಲಿಲ್ಲ. ಆದರೆ ನೋಡಿದ್ದು ನಾವಿಬ್ಬರೇ.

ಬೆಳಿಗ್ಗೆ ಎದ್ದು ರಿಜಿಸ್ಟರಿನಲ್ಲಿ ಬರೆದಳು. ಅದರಲ್ಲಿ 'ಮುಂದಿನ ದಾರಿ' ಎಂದು ಒಂದು ಕಾಲಂ ಇದೆ. ಜನ ಅಲ್ಲಿ ಏನು ಬೇಕಾದರೂ ಗೀಚುತ್ತಾರೆ. ಇವಳು 'ಮೇಲೆ' ಎಂದು ಬರೆದಿದ್ದಳು. ಹೊದ್ದ ಕಂಬಳಿ ಮಡಿಸಿ ಇದ್ದ ಕಡೆಗೇ ಇಟ್ಟಳು, ಲೋಟ ತೊಳೆದು ಬೋರಲು ಹಾಕಿದಳು. ಬೋರ್ಡು ಓದಿದವಳು, ಚೀಲವನ್ನೂ ಬೆನ್ನಿಗೇರಿಸಿಕೊಂಡಳು.

ಅಷ್ಟು ಹೊತ್ತಿಗೆ ನಮ್ಮಿಬ್ಬರ ಜಗಳ ಶುರುವಾಗಿತ್ತು. ಅಣ್ಣನ ಕೆಮ್ಮು ಎರಡು ತಿಂಗಳಿಂದ ಬಿಟ್ಟಿರಲಿಲ್ಲ, ಮಂಡಿ ಊದಿತ್ತು. ನಿವೃತ್ತಿಗೆ ಇನ್ನೂ ಹದಿನಾಲ್ಕು ತಿಂಗಳಿತ್ತು. ರಜ ಹಾಕಿ ಕೆಳಗೆ ಬಾ, ಡಾಕ್ಟರಿಗೆ ತೋರಿಸೋಣ ಎಂದು ನಾನು, ಚಳಿ ಕಳೆಯಲಿ ಎಂದು ಅವನು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

"ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ, ಗೊತ್ತಾಗಲ್ವಾ ನಿನಗೆ? ಇಲ್ಲೇ ಸತ್ತು ಬಿದ್ರೆ ಹೊರೋಳು ನಾನೊಬ್ಬಳೇ ಕಣೋ" ಎಂದುಬಿಟ್ಟೆ.

ಯಾವತ್ತೂ ಸಿಟ್ಟಾಗದ ಅಣ್ಣ ಕೈಯಲ್ಲಿದ್ದ ಸೌದೆಯನ್ನು ಒಲೆಯ ಮುಂದೆ ಎಸೆದ. "ಹೊರಬೇಡ ಬಿಡು. ನಿನ್ನ ಹೇಸರಗತ್ತೆ ಹೊರುತ್ತೆ."

ಆಗ ಹೊಸ್ತಿಲಿನಿಂದ ಅವಳ ದನಿ. "ಹೋಗಿ ಬರ್ತೀನಿ."

ಅಣ್ಣ ಒಲೆಯ ಕಡೆ ಮುಖ ಮಾಡಿ ಬಗ್ಗಿದ್ದ. ಉತ್ತರ ಕೊಟ್ಟವಳು ನಾನು. ತಲೆ ಕೂಡ ತಿರುಗಿಸಲಿಲ್ಲ. ಅಂಗಡಿಯಲ್ಲಿ ದಿನಕ್ಕೆ ನಲವತ್ತು ಸಲ ಹೇಳುವ ಹಾಗೆ "ಹೂಂ, ಹೋಗ್ಬನ್ನಿ" ಎಂದು, ಮತ್ತೆ ಅಣ್ಣನ ಮೇಲೆ ಹರಿಹಾಯ್ದೆ. ದಾಟೋರಾ ತಿರುಗೋರಾ ಎಂದು ಅಂದು ಬೆಳಿಗ್ಗೆ ಯಾರೂ ಕೇಳಲಿಲ್ಲ. ಅವಳ ಹೆಜ್ಜೆ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೇಳಿಸಿತು.

ನಾನು ಮಧ್ಯಾಹ್ನದೊಳಗೆ ಇಳಿದು ಬಂದೆ. ಆಮೇಲೆ ನಡೆದದ್ದು ಅಣ್ಣ ಹೇಳಿದ್ದು. ನಾನು ಹೋದ ಮೇಲೆ ಕೋಣೆ ನೋಡಿದನಂತೆ. ಚೀಲ ಇಲ್ಲ, ಕಂಬಳಿ ಮಡಿಸಿದೆ, ಲೋಟ ತೊಳೆದಿದೆ. ಸರಿ, ದಾಟೋಳು ಅಂದುಕೊಂಡ. ಹೋಗಿ ಬರ್ತೀನಿ ಎಂದಿದ್ದು ಕಿವಿಗೆ ಬಿದ್ದಿತ್ತು, ಆದರೆ ಅದನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ? ಸಂಜೆ ಆಚೆಯಿಂದ ಆರು ಜನ ಬಂದರು, ಅವರಿಗೆ ಗಂಜಿ ಬೇಯಿಸಿ ಮಲಗಿದ. ಮರುದಿನ ಪೂರ್ತಿ ಮಂಜು, ತಗಡು ಕಿತ್ತುಹೋಗುವ ಗಾಳಿ. ಮೂರನೆಯ ದಿನ ಬೆಳಿಗ್ಗೆ ಬಿಸಿಲು ಬಂತು. ನೀರಿನ ಪೈಪಿಗೆ ಎಲೆ ಕಟ್ಟಿರಬಹುದೆಂದು ಕೊಳದ ದಾರಿಯ ಒರತೆಗೆ ಹೋದವನು ಕೆಳಗಿನ ಕೊರಕಲಿನಲ್ಲಿ ಅವಳನ್ನು ನೋಡಿದ.

ನನ್ನ ಅಂಗಡಿಗೆ ಬಂದಾಗ ಅವನ ಮಂಡಿಯಿಂದ ರಕ್ತ ಸೋರುತ್ತಿತ್ತು. ನೀರು ಕೊಟ್ಟೆ, ಕುಡಿಯಲಿಲ್ಲ. ಬೆಂಚಿನ ಮೇಲೆ ಕೂತು ನೆಲ ನೋಡುತ್ತಾ "ತಿರುಗೋರು ಕಣೇ ಅವರು" ಎಂದ. ಯಾರು, ಏನು ಎಂದು ನಾನು ಕೇಳಬೇಕಾಗಲಿಲ್ಲ. ಕೊಳದ ದಾರಿಗೆ ಆಚೆ ಬಾಗಿಲಿಲ್ಲ. ಅಲ್ಲಿಗೆ ಹೋದವರು ಬಂದ ದಾರಿಯಲ್ಲೇ ತಿರುಗಬೇಕು.

ದಾರಿಯ ಅಂಚು ಕುಸಿದು ಮೂರಾಳು ಆಳಕ್ಕೆ ಬಿದ್ದಿದ್ದಳು. ತೊಡೆಯ ಮೂಳೆ ಮುರಿದಿತ್ತು. ಹೆಣ ಕೊಯ್ದ ಡಾಕ್ಟರು ಹೇಳಿದ ಪ್ರಕಾರ ಎರಡನೆಯ ದಿನ ಸಂಜೆಯ ತನಕವೂ ಜೀವ ಇತ್ತು. ಮೇಲ್ಮನೆಯಿಂದ ಆ ಜಾಗಕ್ಕೆ ಅರ್ಧ ಗಂಟೆಯ ನಡಿಗೆ. ಅಣ್ಣ ಗಂಜಿ ಬೇಯಿಸುವಾಗ, ಮಲಗಿದಾಗ, ಗಾಳಿಗೆ ಬೈಯುತ್ತಾ ಕಿಟಕಿಗೆ ಗೋಣಿ ತುರುಕುವಾಗ ಅವಳು ಅಲ್ಲೇ ಇದ್ದಳು.

ವಿಚಾರಣೆಗೆ ಕರೆ ಬಂತು. ಪಟ್ಟಣದ ಇಲಾಖೆ ಕಚೇರಿಗೆ ಬಸ್ಸಿನಲ್ಲಿ ಹೋಗುವಾಗ ಎರಡು ಗಂಟೆಯೂ ಅಣ್ಣನ ಕಿವಿಯಲ್ಲಿ ನಾನು ಒಂದೇ ಮಾತು ಊದಿದೆ.

"ಏನೂ ಹೇಳದೇ ಹೋದ್ರು ಅನ್ನು. ನಾನು ಹಿಂದುಗಡೆ ಸೌದೆ ಒಡೀತಿದ್ದೆ ಅನ್ನು."

"ಹೇಳಿದ್ರಲ್ಲೇ."

"ಹೇಳಿದ್ದು ಯಾರಿಗೆ ಗೊತ್ತು? ನಿನಗೆ, ನನಗೆ. ಬಾಯಿ ಬಿಟ್ರೆ ಬಣ್ಣಗೇಡು ಅಣ್ಣ. ಹದಿನಾಲ್ಕು ತಿಂಗಳಿದೆ. ಈಗ ತೆಗೆದು ಹಾಕಿದ್ರೆ ಪಿಂಚಣಿ ಇಲ್ಲ, ಮನೆ ಇಲ್ಲ, ಮಠ ಇಲ್ಲ."

"ನೀನು ಇದ್ದೆಯಲ್ಲ ಅವತ್ತು. ಕೇಳಿದ್ರೆ?"

"ಹಿಂದಿನ ದಿನವೇ ಇಳಿದು ಹೋಗಿದ್ಲು ಅನ್ನು."

ಅವನು ನನ್ನ ಮುಖ ನೋಡಿದ. ನಾನು ಕಿಟಕಿಯಾಚೆ ನೋಡಿದೆ. ಅವನ ಪಿಂಚಣಿಗಾಗಿ ಹೇಳಿದೆನೋ, ನನ್ನ ಆ 'ಹೋಗ್ಬನ್ನಿ'ಯನ್ನು ಹೂಳುವುದಕ್ಕಾಗಿ ಹೇಳಿದೆನೋ ಎಂದು ಈಗ ಕೇಳಿದರೆ ಎರಡಕ್ಕೂ ಎನ್ನುತ್ತೇನೆ. ಅಂದು ಕೇಳಿದ್ದರೆ ಕೇಳಿದವರ ಮೂತಿಗೆ ತಿವಿಯುತ್ತಿದ್ದೆ.

ಕಚೇರಿಯ ಕೋಣೆಯಲ್ಲಿ ಒಂದು ಉದ್ದ ಮೇಜು, ಒಂದು ಫ್ಯಾನು, ಗೋಡೆಗೆ ಆನಿಸಿ ಕಟ್ಟಿಟ್ಟ ಫೈಲುಗಳು. ಇಲಾಖೆಯ ಸಾಹೇಬರು ಒಂದು ಕಡೆ, ಪೊಲೀಸ್ ಸ್ಟೇಷನ್ನಿನ ರೈಟರು ಇನ್ನೊಂದು ಕಡೆ. ನಾನು ಬಾಗಿಲ ಹೊರಗಿನ ಸ್ಟೂಲಿನ ಮೇಲೆ ಕೂತಿದ್ದೆ, ಎಲ್ಲ ಕೇಳಿಸುತ್ತಿತ್ತು. ಏನು ಹೇಳಿ ಹೋದಳು ಎಂದು ಸಾಹೇಬರು ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಮ್ಮಣ್ಣ, ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ. ಆಮೇಲೆ ಅವನ ದನಿ ಬಂತು. "ಏನೂ ಹೇಳ್ಲಿಲ್ಲ ಸಾರ್. ನಾನು ಹಿಂದುಗಡೆ ಸೌದೆ ಒಡೀತಿದ್ದೆ."

ರೈಟರು ರಿಜಿಸ್ಟರಿನ ಆ ಪದದ ಮೇಲೆ ಪೆನ್ನು ಕುಟ್ಟಿದರು. "ಮೇಲೆ ಅಂತ ಬರೆದಿದ್ದಾಳೆ ನೋಡಿ ಸಾರ್. ಮೇಲೆ ಹೋಗ್ತೀನಿ ಅಂತ ಅವಳೇ ಬರೆದುಕೊಟ್ಟು ಹೋಗಿದ್ದಾಳೆ, ಇನ್ನೇನು ಬೇಕು?" ಗಂಡನ ಮನೆ ಬಿಟ್ಟು ಆರು ತಿಂಗಳಿಂದ ತಾಯಿಯ ಮನೆಯಲ್ಲಿದ್ದಳು ಎಂಬುದೂ ಆ ಫೈಲಿನಲ್ಲಿತ್ತು. ಗಂಡನ ಕಡೆಯವರು ಮೊದಲಿಂದಲೂ ಅವಳ ತಲೆ ಸರಿ ಇರಲಿಲ್ಲ ಎಂದು ಹೇಳಿಕೆ ಕೊಟ್ಟಿದ್ದರು. 'ಮನನೊಂದು ತಾನೇ ಹಾರಿರಬಹುದು' ಎಂದು ಬರೆದು ಮುಗಿಸಿದರು. ಅಣ್ಣನಿಗೆ ಒಂದು ಲೋಟ ಟೀ ಕೊಟ್ಟು ಕಳಿಸಿದರು.

ಊರಿನ ಬಾಯಿಗೆ ಅಷ್ಟು ಸಾಕಾಯಿತು. ನನ್ನ ಬೆಂಚಿನ ಮೇಲೇ ಕೂತು ಆಡಿಕೊಂಡರು, ಬೆಂಕಿ ಇಲ್ಲದೆ ಹೊಗೆ ಆಡುತ್ತಾ? ಒಂಟಿ ಹೆಂಗಸು ಬೆಟ್ಟಕ್ಕೆ ಇನ್ಯಾಕೆ ಹೋಗ್ತಾಳೆ ಅಂತ. ಒಬ್ಬನಿಗೆ ಟೀ ಕೊಡದೆ ಎಬ್ಬಿಸಿ ಕಳಿಸಿದೆ. ನನ್ನ ಸಿಟ್ಟು ಕಂಡು ಅವನಿಗೆ ಆಶ್ಚರ್ಯವಾಯಿತು.

ಅಣ್ಣ ಮೇಲ್ಮನೆಗೆ ಮರಳಿದ. ಆದರೆ ಅವನು ಅವನಾಗಿರಲಿಲ್ಲ. ಹೊರಟವರು ಯಾರೇ ಹೋಗಿ ಬರ್ತೀವಿ ಎಂದರೂ ಅವರ ಚೀಲ ಹಿಡಿದು ನಿಲ್ಲಿಸುತ್ತಿದ್ದ. "ಬರ್ತೀವಿ ಅಂದ್ರೆ ಬರ್ತೀರಾ, ಇಲ್ಲಾ ಸುಮ್ನೆ ಅಂದ್ರಾ?" ಹುಡುಗರು ಪಕ್ಕೆ ಹಿಡಿದುಕೊಂಡು ನಗುತ್ತಿದ್ದರು. ತಾತನಿಗೆ ಎತ್ತರದ ಗಾಳಿ ತಲೆಗೇರಿದೆ ಎಂದು ನನ್ನ ಅಂಗಡಿಯಲ್ಲಿ ಬಂದು ಹೇಳುತ್ತಿದ್ದರು. ಅದರಲ್ಲಿ ಒಬ್ಬ, "ಸುಮ್ನೆ ಅಂದೆ ತಾತ, ಆಚೆ ದಾಟಿ ಮನೆಗೆ ಹೋಗ್ತೀನಿ" ಎಂದಿದ್ದಕ್ಕೆ, ಸುಮ್ಮನೆ ಯಾಕಯ್ಯಾ ಅಂತೀಯಾ ಎಂದು ಅಣ್ಣ ಅವನ ಮೇಲೆ ಕೂಗಾಡಿದನಂತೆ.

ನನ್ನ ಹತ್ತಿರ ಒಂದೇ ಸಲ ಬಾಯಿ ಬಿಟ್ಟ. "ಅವರಮ್ಮ ಇದ್ದಾರಂತೆ ಕಣೇ. ಮಗಳು ತಾನೇ ಹಾರಿದ್ಲು ಅಂದ್ಕೊಂಡು ಕೂತಿರ್ತಾರೆ."

"ಏನಾದ್ರೂ ಅಂದ್ಕೊಳ್ಳಲಿ. ಹೇಳಿದ್ರೆ ಸತ್ತವರು ಎದ್ದು ಬರ್ತಾರಾ?" ಎಂದೆ. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಎರಡು ತಿಂಗಳಾದ ಮೇಲೆ ಬೆಳಗಿನ ಬಸ್ಸಿನಿಂದ ಆ ತಾಯಿ ಇಳಿದರು. ಅರವತ್ತು ದಾಟಿದ ಹೆಂಗಸು, ಕಾಲಲ್ಲಿ ಬಿಳೀ ಕ್ಯಾನ್ವಾಸ್ ಬೂಟು, ಆಸ್ಪತ್ರೆಯ ವಾರ್ಡಿನಲ್ಲಿ ಆಯಾ ಆಗಿದ್ದವರಂತೆ. ಟೀ ಬೇಡ ಎಂದರು. ಮೇಲ್ಮನೆಯ ದಾರಿ ಯಾವುದು ಎಂದರು. ಯಾರು ಎಂದು ಕೇಳುವ ಮೊದಲೇ ಮುಖದಲ್ಲಿ ಆ ಟೈಲರಮ್ಮ ಕಂಡಳು.

"ಐದು ಗಂಟೆ ದಾರಿ ಅಮ್ಮ. ನಿಮ್ಮ ಕೈಲಾಗಲ್ಲ" ಎಂದೆ.

"ನನ್ನ ಮಗಳ ಕೈಲಾಯ್ತು" ಎಂದರು.

ಹೇಸರಗತ್ತೆಯ ಮೇಲೆ ಕಂಬಳಿ ಹಾಸಿ ಕೂರಿಸಿಕೊಂಡು ನಾನೇ ಹೊರಟೆ. ಕರುಣೆ ಅಂತ ತಿಳಿಯಬೇಡಿ. ಅಣ್ಣನ ಬಾಯಿ ಕಾಯಬೇಕಿತ್ತು ನನಗೆ. ದಾರಿಯಲ್ಲಿ ಆಕೆ ತಾವೇ ಮಾತಾಡಿದರು, ನನಗೆ ಹೇಳಿದರೋ ಹೇಸರಗತ್ತೆಯ ಕಿವಿಗೆ ಹೇಳಿದರೋ. ಮಗಳು ಹೊರಟ ಹಿಂದಿನ ದಿನ ಮನೆಯಲ್ಲಿ ಜಗಳವಾಗಿತ್ತು. ಗಂಡನ ಮನೆಗೆ ವಾಪಸು ಹೋಗು ಎಂದು ಇವರು, ಹೋಗಲ್ಲ ಎಂದು ಅವಳು.

"ಸಿಟ್ಟಲ್ಲಿ ಅಂದ್ಬಿಟ್ಟೆ ತಾಯಿ. ನನ್ನ ಕಣ್ಮುಂದೆ ಇರ್ಬೇಡ, ಎಲ್ಲಾದ್ರೂ ಹಾಳಾಗಿ ಹೋಗು ಅಂದೆ. ಬಾಯ್ಮಾತಿಗೆ ಅಂದಿದ್ದು. ಯಾವ ತಾಯಿ ಅನ್ನಲ್ಲ ಹೇಳು? ಬೆಳಿಗ್ಗೆ ಎದ್ದು ನೋಡಿದ್ರೆ ಇಲ್ಲ. ನನ್ನ ಹತ್ರ ಒಂದು ಮಾತೂ ಹೇಳದೆ ಹೊರಟೋಗಿದ್ಲು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರಲ್ಲ. ನಾನು ಅಂದಿದ್ದಕ್ಕೇ ಹೋಗಿ ಹಾರಿದ್ಲಾ ಅಂತ ಯಾರನ್ನ ಕೇಳ್ಲಿ?"

ನಾನು ಹಗ್ಗ ಹಿಡಿದು ಮುಂದೆ ನಡೆಯುತ್ತಿದ್ದೆ.

ಮೇಲ್ಮನೆ ತಲುಪಿದಾಗ ಮಧ್ಯಾಹ್ನ ಒಂದು ಗಂಟೆ. ಅಣ್ಣ ಬಾಗಿಲಲ್ಲಿ ಕಂಬಳಿ ಕೊಡವುತ್ತಿದ್ದ. ಆಕೆ ಹೇಸರಗತ್ತೆಯಿಂದ ಇಳಿದು, ನೀರು ಕೂಡ ಕೇಳದೆ, ಅವನ ಮುಂದೆ ನಿಂತರು. "ಅಪ್ಪಾ, ನಾನು ಅವಳ ತಾಯಿ. ಕೊನೇ ಸಲ ನೋಡಿದವನು ನೀನೇ ಅಂತೆ. ಹೋಗುವಾಗ ಏನಾದ್ರೂ ಅಂದ್ಲಾ?"

ಅಣ್ಣ ಅವರ ಹೆಗಲ ಮೇಲಿಂದ ನನ್ನನ್ನು ನೋಡಿದ. ನಾನು ಬೇಡ ಎಂದು ಕಣ್ಣಲ್ಲೇ ಹೇಳಿದೆ, ಸಾಲದೆಂದು ತಲೆಯನ್ನೂ ಆಡಿಸಿದೆ. ಅವನು ನೋಡಿದ. ನೋಡಿ, ಕಂಬಳಿಯನ್ನು ಕೆಳಗಿಟ್ಟ.

"ಹೋಗಿ ಬರ್ತೀನಿ ಅಂದ್ರಮ್ಮ."

"ಏನಂದೆ?"

"ಇಲ್ಲೇ, ಈ ಹೊಸ್ತಿಲಲ್ಲಿ ನಿಂತು, ಹೋಗಿ ಬರ್ತೀನಿ ಅಂದ್ರು."

"ಬರ್ತೀನಿ ಅಂದ್ಲಾ? ಬರ್ತೀನಿ ಅಂದ್ಲಾ ನನ್ನ ಮಗಳು? ಇನ್ನೊಂದ್ಸಲ ಹೇಳಪ್ಪ." ಆಕೆ ಅವನ ಎರಡೂ ಕೈ ಹಿಡಿದುಕೊಂಡರು. ಅವನು ಇನ್ನೊಂದು ಸಲ ಹೇಳಿದ, ಮತ್ತೊಂದು ಸಲ ಹೇಳಿದ. ಆಕೆ ಹೊಸ್ತಿಲ ಮೇಲೇ ಕುಸಿದು ಕೂತು ಅತ್ತರು, ಅಳುತ್ತಲೇ ನಕ್ಕರು. "ಸಾಯಕ್ಕೆ ಹೋಗೋಳು ಬರ್ತೀನಿ ಅಂತಾಳೇನಪ್ಪ? ನೀನೇ ಹೇಳು."

"ಅನ್ನಲ್ಲಮ್ಮ. ಅವರು ಕೊಳ ನೋಡಕ್ಕೆ ಹೋದವರು. ಅಂಚು ಕುಸಿದು ಬಿದ್ರು. ಅಷ್ಟೇ."

ಅದನ್ನು ಬರೆದುಕೊಡು ಎಂದರು. ಗಂಡನ ಕಡೆಯವರ ಮುಖಕ್ಕೆ ಹಿಡಿಯಬೇಕು, ಸ್ಟೇಷನ್ನಿನವರ ಮುಖಕ್ಕೆ ಹಿಡಿಯಬೇಕು, ನನ್ನ ಮಗಳು ಹಾರಿಕೊಂಡವಳಲ್ಲ ಅಂತ. ಅಣ್ಣನಿಗೆ ಸಹಿ ಬಿಟ್ಟರೆ ಹೆಚ್ಚು ಬರೆಯಲು ಬಾರದು. ರಿಜಿಸ್ಟರಿನ ಹಿಂದಿನ ಖಾಲಿ ಹಾಳೆ ಹರಿದು ನನ್ನ ಕೈಗೆ ಕೊಟ್ಟ. "ನಾನು ಹೇಳಿದ್ದು ಹೇಳಿದ ಹಾಗೆ ಬರಿ. ನಿನ್ನ ಮಾತು ಸೇರಿಸಬೇಡ" ಎಂದ. ಹುಟ್ಟಿದಾಗಿನಿಂದ ಅವನು ನನ್ನ ಹತ್ತಿರ ಆ ದನಿಯಲ್ಲಿ ಮಾತಾಡಿರಲಿಲ್ಲ.

ತಾರೀಖು ಬರೆದೆ, ಅವನ ಕೆಲಸ ಬರೆದೆ. ಅವರು ಹೋಗುವಾಗ ಹೋಗಿ ಬರುತ್ತೇನೆ ಎಂದು ಹೇಳಿದರು ಎಂದು ಬರೆದೆ. ಸೌದೆ ಒಡೆಯುತ್ತಿದ್ದೆ ಎಂದು ಮೊದಲು ಹೇಳಿದ್ದು ಸುಳ್ಳು ಎಂದೂ ಬರೆಸಿದ. ಆಮೇಲೆ ಅಣ್ಣ ಹೇಳಿದ, "ಅದಕ್ಕೆ ನಾನು ಹೋಗಿ ಬನ್ನಿ ಎಂದೆ."

ನನ್ನ ಪೆನ್ನು ನಿಂತಿತು. ತಲೆ ಎತ್ತಿದರೆ ಅವನು ನನ್ನನ್ನು ನೋಡುತ್ತಿರಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದ.

"ಬರಿ ಕಣೇ."

ಬರೆದೆ. 'ನಾನು ಎಂದೆ' ಎಂದೇ ಬರೆದೆ. ಆ ನಾನು ಅಣ್ಣನಾದ.

"ಅವರು ತಿರುಗುವವರೇ ಎಂದು ನಾನು ವಿಚಾರಿಸಲಿಲ್ಲ. ಆ ಸಂಜೆ ಹುಡುಕಲಿಲ್ಲ. ಮರುದಿನವೂ ಹುಡುಕಲಿಲ್ಲ."

"ಅಣ್ಣ, ಈ ಅಮ್ಮನಿಗೆ ಬೇಕಾದ ಸಾಲು ಬಂತಲ್ಲ, ಅಷ್ಟು ಸಾಕು."

"ಬರಿ."

ಅದನ್ನೂ ಬರೆದೆ. ಅವನು ಸಹಿ ಹಾಕಿದ. ಆ ಕಾಗದ ಕಚೇರಿ ತಲುಪಿದ ಹನ್ನೊಂದನೆಯ ದಿನಕ್ಕೆ ಅಣ್ಣನನ್ನು ಕೆಲಸದಿಂದ ತೆಗೆದರು, ಪಿಂಚಣಿಯೂ ಹೋಯಿತು. ಈಗ ಅವನು ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಹಿಟ್ಟಿನ ಮೂಟೆಗಳ ಪಕ್ಕ ಮಲಗುತ್ತಾನೆ. ಕೆಮ್ಮು ಹಾಗೇ ಇದೆ. ನನ್ನ ಆ 'ಹೋಗ್ಬನ್ನಿ'ಯ ಬಗ್ಗೆ ಒಂದು ದಿನವೂ ನನ್ನನ್ನು ಒಂದು ಮಾತು ಅಂದವನಲ್ಲ. ಅಂದಿದ್ದರೆ ನನಗೆ ಬದುಕುವುದು ಸುಲಭವಾಗುತ್ತಿತ್ತು.

ಅಂದು ಸಹಿ ಬಿದ್ದ ಕೂಡಲೇ ಆಕೆ ಕಾಗದ ಇಸಿದುಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದರು. ಮೊದಲ ಸಾಲುಗಳಲ್ಲಿ ತುಟಿ ನಗುತ್ತಿತ್ತು. ಕೆಳಗಿಳಿದಂತೆ ಬೆರಳು ನಿಂತಿತು. ಹುಡುಕಲಿಲ್ಲ ಎಂಬಲ್ಲಿ ನಿಂತಿತ್ತು. ಮೊದಲು ಅಣ್ಣ ಬಾಯಲ್ಲಿ ಹೇಳಿದಾಗ ಆಕೆಗೆ ಅದು ಕೇಳಿಸಿಯೇ ಇರಲಿಲ್ಲವೇನೋ.

"ಎರಡು ದಿನ ಜೀವ ಇತ್ತು ಅಂದ್ರು ಡಾಕ್ಟ್ರು" ಎಂದರು.

"ಹೂನಮ್ಮ."

"ಕೂಗಿರ್ತಾಳೆ."

"ಗಾಳಿ ಇತ್ತಮ್ಮ. ನನಗೆ ಕೇಳಿಸ್ಲಿಲ್ಲ."

"ಬರ್ತೀನಿ ಅಂತ ಹೇಳಿ ಬಂದಿದ್ದೀನಿ, ಹುಡುಕ್ಕೊಂಡು ಬರ್ತಾರೆ ಅಂತ ದಾರಿ ನೋಡಿರ್ತಾಳೆ." ಆಕೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೆರಗಿನಲ್ಲಿ ಕಟ್ಟಿಕೊಂಡರು. "ಎರಡು ತಿಂಗಳು ಸಾಯಕ್ಕೇ ಹೋದ್ಲಲ್ಲ ಅಂತ ಅತ್ತೆ. ಅದೇ ವಾಸಿಯಾಗಿತ್ತಲ್ಲಪ್ಪ."

ಬೈಯಲಿಲ್ಲ, ಶಪಿಸಲಿಲ್ಲ. ಕೊರಕಲು ತೋರಿಸು ಎಂದೂ ಕೇಳಲಿಲ್ಲ. ಬೆಳಕಿರುವಾಗಲೇ ಇಳಿಯೋಣ ಎಂದರು. ಅಣ್ಣ ಹೇಸರಗತ್ತೆಯ ಬೆನ್ನ ಮೇಲೆ ಕಂಬಳಿ ಸರಿಮಾ‌ಡಿ ಕೈಹಿಡಿದು ಹತ್ತಿಸಿದ. ಆಕೆ ಮೇಲೆ ಕೂತು, ನನ್ನ ತಲೆಯ ಮೇಲೆ ಕೈಯಿಟ್ಟರು. ಆ ಕೈ ಬೆಚ್ಚಗಿತ್ತು, ಆಸ್ಪತ್ರೆಯಲ್ಲಿ ಎಷ್ಟೋ ಜನರ ಹಣೆ ಮುಟ್ಟಿದ ಕೈ.

"ನೀನಾದ್ರೂ ಅವತ್ತು ಇಲ್ಲಿದ್ದಿದ್ರೆ ಕೇಳಿರ್ತಿದ್ದೆ ತಾಯಿ. ಗಂಡಸರಿಗೆ ಎಲ್ಲಿ ತೋಚುತ್ತೆ. ಎಲ್ಲಿಗಮ್ಮ ಹೋಗ್ತೀಯ, ಎಷ್ಟೊತ್ತಿಗೆ ಬರ್ತೀಯ ಅಂತ ಹೆಂಗಸಾದವಳು ಕೇಳದೆ ಬಿಡ್ತಾಳಾ?"

ಅಣ್ಣ ಹೇಸರಗತ್ತೆಯ ಹೊಟ್ಟೆಯ ಪಟ್ಟಿ ಬಿಗಿಯುತ್ತಿದ್ದ. ಅವನ ಕೈ ನಿಂತಿತು.

"ಹೌದಮ್ಮ, ಕೇಳಿರ್ತಿದ್ದೆ" ಎಂದೆ.

ಅಣ್ಣ ಪಟ್ಟಿ ಬಿಗಿದು ಮುಗಿಸಿ, ಹಗ್ಗವನ್ನು ನನ್ನ ಕೈಗೆ ಕೊಟ್ಟ.